ಕೆರೆಗೆ ಇಂಗ್ಲಿಷಲ್ಲಿ ಏನನ್ನೋಣ: ಟ್ಯಾಂಕೋ, ಲೇಕೋ?

ಕೋಲಾರದ ಕಡೆಯವರು ಊರಿನ ಬಗ್ಗೆ ಇಂಗ್ಲಿಷಲ್ಲಿ ಬರೆಯಲು ಕೂತರೆ ಮೊದಲು ಎಡವುವುದೇ ಕೆರೆಯ ಹತ್ತಿರ. ಸರ್ಕಾರಿ ಕಡತಗಳಲ್ಲಿ ಅದು ‘ಟ್ಯಾಂಕ್’. ಏರಿ ಹಾಕಿ, ತೂಬು, ಕೋಡಿ ಇಟ್ಟು ಮಳೆನೀರನ್ನು ಗದ್ದೆಗೆ ಹರಿಸುವ ಕೆರೆಗೆ ನನ್ನ ಮತವೂ ಇದಕ್ಕೇ. ಆದರೆ ಹೊರದೇಶದವರಿಗೆ ಟ್ಯಾಂಕ್ ಎಂದರೆ ತಾರಸಿ ಮೇಲಿನ ತೊಟ್ಟಿ, ಬೈಕಿನ ಪೆಟ್ರೋಲ್ ಟ್ಯಾಂಕು, ಇಲ್ಲವೇ ಯುದ್ಧದ ಗಾಡಿ. (1916ರಲ್ಲಿ ರಣರಂಗಕ್ಕಿಳಿದ ಆ ಗಾಡಿಗೆ ಹೆಸರು ಬಂದದ್ದೂ, ಗುಟ್ಟು ಬಿಡದಿರಲು ಅದನ್ನು ನೀರಿನ ತೊಟ್ಟಿ ಎಂದು ಹೇಳಿಕೊಂಡದ್ದರಿಂದ!) ಅಂಥ ಓದುಗರಿದ್ದರೆ ‘ಇರಿಗೇಷನ್ ಟ್ಯಾಂಕ್’ ಎನ್ನಿ.

‘ಲೇಕ್’ ಕೇಳಲು ಚೆಂದ. ತುಮಕೂರಿನ ಅಮಾನಿಕೆರೆಯಲ್ಲಿ ಸಂಜೆ ವಾಕಿಂಗ್ ಹೋದದ್ದನ್ನು ಬರೆಯಲು ಸಾಕು. ಆದರೆ ಅದು ತಾನೇ ಹುಟ್ಟಿದ ಸರೋವರ ಎನ್ನುವ ಭಾವ ಬರುತ್ತದೆ. ಮಣ್ಣು ಹೊತ್ತು ಏರಿ ಕಟ್ಟಿದವರು ಮಾಯ.

‘ರಿಸರ್ವಾಯರ್’ ಮಾರ್ಕೋನಹಳ್ಳಿಯಂಥ ಜಲಾಶಯಕ್ಕಿರಲಿ. ಕುಂಟೆಗೆ ‘ಪಾಂಡ್’ ಸರಿ. ಆದರೆ ಚಿಕ್ಕಬಳ್ಳಾಪುರದ ಹತ್ತಿರ, ನಂದಿಯ ಭೋಗನಂದೀಶ್ವರ ಗುಡಿಯ ಕಲ್ಯಾಣಿಯನ್ನು ಪಾಂಡ್ ಎಂದರೆ ಆ ಕಲ್ಲಿನ ಮೆಟ್ಟಿಲುಗಳೇ ಮುನಿಸಿಕೊಂಡಾವು. ಅದು ‘ಟೆಂಪಲ್ ಟ್ಯಾಂಕ್’.

ಓದುವವರು ನಮ್ಮವರೇ ಆದರೆ? ಇಂಗ್ಲಿಷಲ್ಲೂ ಕೆರೆ ಎಂದೇ ಬರೆದುಬಿಡಿ.