ನ್ಯಾಯದ ಕೂಲಿಯ ಫಲಕ, ಚೀಟಿಯಲ್ಲಿಲ್ಲದ ಆಧಾರ

ಪುಣೆಯ ಕೋಥ್ರೂಡಿನಲ್ಲಿ ನಮ್ಮ ಕನ್ನಡದ ಮನೆಗಳವರು ಹೆಚ್ಚಾಗಿ ಹೋಗುವ ಹಣ್ಣಿನಂಗಡಿಯೊಂದು ‘ಕಾರ್ಮಿಕರನ್ನು ನ್ಯಾಯವಾಗಿ ನಡೆಸಿಕೊಳ್ಳುವ ತೋಟದ್ದು’ ಎಂಬ ಫಲಕದಡಿ ನಾಸಿಕದ ದ್ರಾಕ್ಷಿಯನ್ನು ಅರ್ಧ ಕಿಲೋ ಡಬ್ಬಿಗಳಲ್ಲಿ ಮಾರುತ್ತಿದೆ. ಹಣ್ಣಿನ ಬಗ್ಗೆ ದೂರಿಲ್ಲ. ತೊಟ್ಟು ಹಸಿರಾಗಿದ್ದು, ಮೇಲಿನ ತೆಳು ಬಿಳಿ ಲೇಪವೂ ಮಾಸಿರಲಿಲ್ಲ.

ಫಲಕದ ಮಾತು ಬೇರೆ. ಡಬ್ಬಿಯ ಚೀಟಿಯಲ್ಲಿದ್ದುದು ಕೃಷಿ ಪ್ರಮಾಣೀಕರಣ ವ್ಯವಸ್ಥೆಯಾದ ಗ್ಲೋಬಲ್‌ಗ್ಯಾಪ್‌ನ 13 ಅಂಕಿಗಳ ಸಂಖ್ಯೆ ಮಾತ್ರ. ಯುರೋಪಿನ ಚಿಲ್ಲರೆ ಮಾರಾಟಗಾರರು 1997ರಲ್ಲಿ ಯುರೆಪ್‌ಗ್ಯಾಪ್ ಎಂಬ ಹೆಸರಿನಲ್ಲಿ ಆರಂಭಿಸಿದ ಈ ವ್ಯವಸ್ಥೆಯ ಮೂಲ ಪ್ರಮಾಣಪತ್ರವು ಆಹಾರ ಸುರಕ್ಷತೆ, ಔಷಧ ಸಿಂಪಡಣೆ, ಪರಿಸರ ಹಾಗೂ ಕೆಲಸಗಾರರ ಆರೋಗ್ಯವನ್ನು ಗಮನಿಸುತ್ತದೆ. ಕೂಲಿ ಪಾವತಿಯ ದಾಖಲೆ, ಲಿಖಿತ ಕರಾರು, ದುಡಿಮೆಯ ಅವಧಿ, ಬಾಲಕಾರ್ಮಿಕ ನಿಷೇಧ, ಕಾರ್ಮಿಕರ ಪ್ರತಿನಿಧಿ ಇವುಗಳನ್ನು ಪರಿಶೀಲಿಸುವುದು ‘ಗ್ರಾಸ್ಪ್’ ಎಂಬ ಹೆಚ್ಚುವರಿ ಮೌಲ್ಯಮಾಪನ. ಅದರ ಬಗ್ಗೆ ಕೇಳಿದಾಗ ಮಾಲೀಕರು ಸೌಜನ್ಯದಿಂದಲೇ ಮತ್ತೆ ಅದೇ ಚೀಟಿಯನ್ನು ತೋರಿಸಿದರು.

ಈ ವ್ಯತ್ಯಾಸ ಸಣ್ಣದಲ್ಲ. ನಾಸಿಕದ ತೋಟಗಳಿಗೆ ಸುರಗಾಣಾ, ಪೇಠ್ ತಾಲೂಕುಗಳಿಂದ ಆದಿವಾಸಿ ಕುಟುಂಬಗಳು ತಂಡವಾಗಿ ಬಂದು, ಚಾಟನಿ, ಅಂದರೆ ಬಳ್ಳಿ ಸವರುವಂಥ ಕೆಲಸಗಳನ್ನು ಎಕರೆಗಿಷ್ಟು ಎಂಬ ಗುತ್ತಿಗೆಯಲ್ಲಿ ಮಾಡುವುದು ರೂಢಿ. ಹಣವೆಲ್ಲ ತಂಡದ ಮೇಸ್ತ್ರಿಯಾದ ಮುಕಾದಮನ ಕೈಗೆ ಹೋದರೆ, ತಂಡದ ಹೆಂಗಸಿಗೆ ಎಷ್ಟು ಸಂದಿತೆಂಬುದು ಯಾವ ಪುಸ್ತಕದಲ್ಲೂ ಕಾಣದು. ಪ್ರತಿಯೊಬ್ಬರ ಹೆಸರಿನ ಕೂಲಿ ದಾಖಲೆಯನ್ನು ಗ್ರಾಸ್ಪ್ ಪರೀಕ್ಷಕರು ಕೇಳಬೇಕಾದುದು ಇಲ್ಲಿಯೇ.

ದ್ರಾಕ್ಷಿಯನ್ನು ಧಾರಾಳವಾಗಿ ಕೊಳ್ಳಬಹುದು. ಆದರೆ ಆ ಫಲಕಕ್ಕಾಗಿ ಹೆಚ್ಚಿನ ಬೆಲೆ ತೆರುವ ಮುನ್ನ ಗ್ರಾಸ್ಪ್ ಪತ್ರವನ್ನು ಕೇಳಿ ನೋಡಿ. ಅದು ದೊರೆಯುವವರೆಗೆ ಅಂಗಡಿಯವರು ಫಲಕವನ್ನು ತೆಗೆದಿಡಬೇಕು.