ಕಾಂಟ್ರಾಸ್ಟ್‌ಗೆ ದುಡ್ಡು ತಗೊಂಡರು, ಸೂಜಿಯೇ ಚುಚ್ಚಲಿಲ್ಲ! ಪಿಟ್ಯುಟರಿ ಎಂಆರ್‌ಐ ಮಾಡಿಸುವವರು ಹುಷಾರ್

ಪ್ರೊಲ್ಯಾಕ್ಟಿನ್ (ಎದೆಹಾಲು ತರಿಸುವ ಹಾರ್ಮೋನ್) ಜಾಸ್ತಿ ಬಂದು ಸ್ಕ್ಯಾನಿಂಗ್‌ಗೆ ಹೊರಟವರು ದಯವಿಟ್ಟು ಇದನ್ನು ಓದಿ. ಕೋಪದಲ್ಲಿ ಬರೆಯುತ್ತಿದ್ದೇನೆ, ಹಿಂದುಮುಂದಾದರೆ ಸಹಿಸಿಕೊಳ್ಳಿ.

ನನಗೆ ಮುಟ್ಟು ನಿಂತಿತ್ತು. ಬಸುರಿಯಲ್ಲ, ಆದರೂ ಎದೆಯಲ್ಲಿ ಹಾಲು. ಕುರ್ತಾ ಒದ್ದೆಯಾಗಿ ಆಫೀಸಿನಲ್ಲಿ ದುಪಟ್ಟಾ ಹೊದ್ದು ಕೂರುತ್ತಿದ್ದೆ. ಯಾರ ಹತ್ತಿರ ಹೇಳೋದು ಇದನ್ನ? ಹಾರ್ಮೋನ್ ಡಾಕ್ಟರು ಗರ್ಭಪರೀಕ್ಷೆ, ಥೈರಾಯ್ಡ್, ಕಿಡ್ನಿ ಎಲ್ಲ ನೋಡಿಸಿದರು. ಡೊಂಪೆರಿಡೋನ್ ಇರುವ ಗ್ಯಾಸ್ ಮಾತ್ರೆ ತಗೋತೀರಾ ಅಂತಲೂ ಕೇಳಿದರು, ಅದರಿಂದಲೂ ಪ್ರೊಲ್ಯಾಕ್ಟಿನ್ ಏರುತ್ತದಂತೆ. ಅದ್ಯಾವುದೂ ಇರಲಿಲ್ಲ. 25ರ ಒಳಗಿರಬೇಕಾದ ಪ್ರೊಲ್ಯಾಕ್ಟಿನ್ ಮಾತ್ರ 140 ದಾಟಿತ್ತು. ಚೀಟಿಯಲ್ಲಿ ಬರೆದುಕೊಟ್ಟರು: ಎಂಆರ್‌ಐ ಪಿಟ್ಯುಟರಿ, ಡೈನಾಮಿಕ್, ವಿತ್ ಕಾಂಟ್ರಾಸ್ಟ್. ಪಿಟ್ಯುಟರಿ ಅಂದರೆ ಮೆದುಳಿನ ಬುಡದಲ್ಲಿರುವ, ಪ್ರೊಲ್ಯಾಕ್ಟಿನ್ ಬಿಡುವ ಗ್ರಂಥಿ; ಕಾಂಟ್ರಾಸ್ಟ್ ಅಂದರೆ ಚಿತ್ರ ಸ್ಪಷ್ಟವಾಗಿ ಕಾಣಲೆಂದು ನರಕ್ಕೆ ಚುಚ್ಚುವ ಔಷಧಿ.

ಸ್ಕ್ಯಾನ್ ಸೆಂಟರಿನವರು ಕಾಂಟ್ರಾಸ್ಟ್ ಸೇರಿಸಿಯೇ ಬಿಲ್ ಮಾಡಿದರು. ಒಳಗೆ ಮಲಗಿಸಿದರು, ಟಕಟಕ ಸದ್ದಾಯಿತು, ಎಬ್ಬಿಸಿದರು. "ಇಂಜೆಕ್ಷನ್ ಕೊಡಲ್ವಾ?" ಅಂದೆ. "ನಿಮಗೆ ಬೇಕಾಗಿಲ್ಲ ಮೇಡಂ, ನಾರ್ಮಲ್ ಇದೆ" ಅಂದ ಟೆಕ್ನೀಷಿಯನ್. ಬ್ರೈನ್ ನಾರ್ಮಲ್ ಅಂತ ರಿಪೋರ್ಟೂ ಬಂತು. ಮನೆಯಲ್ಲಿ ಎಲ್ಲರಿಗೂ ಸಮಾಧಾನ. ಅತ್ತೆ ದೇವರಿಗೆ ತುಪ್ಪದ ದೀಪ ಹಚ್ಚಿದರು.

ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು ನೋಡಿದರು. ತಿರುಗಿಸಿ ಮತ್ತೆ ನೋಡಿದರು. "ಇದರಲ್ಲಿ ಕಾಂಟ್ರಾಸ್ಟ್ ಎಲ್ಲಿದೆಯಮ್ಮಾ? ಇಡೀ ಮೆದುಳನ್ನು ದಪ್ಪ ದಪ್ಪ ಸ್ಲೈಸ್‌ನಲ್ಲಿ ತೆಗೆದಿದ್ದಾರೆ. ನಾನು ಕೇಳಿದ್ದು ಇದಲ್ಲ." ಕಿವಿ ಬಿಸಿಯಾಯಿತು. ಪಿಟ್ಯುಟರಿ ಇರುವುದೇ ಕಡಲೆಕಾಳಿನಷ್ಟು. ಅದರೊಳಗಿನ ಸಣ್ಣ ಗೆಡ್ಡೆ ಕಾಣಬೇಕಾದರೆ 2–3 ಮಿ.ಮೀ. ತೆಳು ಸ್ಲೈಸ್ ಬೇಕು. ಔಷಧಿ ಒಳಗೆ ಹೋಗುತ್ತಿರುವಾಗಲೇ ಚಿತ್ರ ಮೇಲೆ ಚಿತ್ರ ತೆಗೆಯಬೇಕು, ಡೈನಾಮಿಕ್ ಅಂದರೆ ಇದೇ. ಗ್ರಂಥಿ ಬೇಗ ಬೆಳ್ಳಗಾಗುತ್ತದೆ, ಗೆಡ್ಡೆ ತಡವಾಗಿ. ಆ ಒಂದೆರಡು ನಿಮಿಷದ ವ್ಯತ್ಯಾಸದಲ್ಲೇ ಅದು ಸಿಕ್ಕಿಬೀಳೋದು. ಸೂಜಿಯೇ ಚುಚ್ಚದಿದ್ದರೆ ಏನು ಕಾಣುತ್ತೆ, ಮಣ್ಣು?

ವಾಪಸ್ ಹೋಗಿ ಕೇಳಿದೆ. ಉತ್ತರ ಕೇಳಿ:

"ಬ್ರೈನ್ ಅಂದ್ರೆ ಪಿಟ್ಯುಟರಿನೂ ಅದರಲ್ಲೇ ಬರುತ್ತಲ್ವಾ ಮೇಡಂ."

ಚೀಟಿ ತೋರಿಸಿದೆ. "ಡಾಕ್ಟರು ಎಲ್ಲರಿಗೂ ಹಾಗೇ ಬರೀತಾರೆ."

ಬಿಲ್ ತೋರಿಸಿದೆ. "ಅದು ಪ್ಯಾಕೇಜ್ ರೇಟ್."

ಪ್ಯಾಕೇಜ್ ಅಂತೆ! ಕೊಡದ ಇಂಜೆಕ್ಷನ್‌ಗೆ ಯಾವ ಪ್ಯಾಕೇಜ್?

ಬೇರೆ ಕಡೆ ಮತ್ತೆ ದುಡ್ಡು ಕಟ್ಟಿ ಮಾಡಿಸಿದೆ. ಅಲ್ಲಿ ಮೊದಲು ಕ್ರಿಯಾಟಿನಿನ್ (ಕಿಡ್ನಿಯ ರಕ್ತಪರೀಕ್ಷೆ) ರಿಪೋರ್ಟ್ ಕೇಳಿದರು, ಕೈಗೆ ಸೂಜಿ ಹಾಕಿದರು. 6 ಮಿ.ಮೀ. ಗೆಡ್ಡೆ ಎದ್ದು ಕಾಣಿಸಿತು. ಕ್ಯಾನ್ಸರ್ ಅಲ್ಲ, ಆಪರೇಷನ್ನೂ ಬೇಡ, ಕ್ಯಾಬರ್ಗೊಲಿನ್ ಮಾತ್ರೆ ಸಾಕು ಅಂದರು. 10 ಮಿ.ಮೀ. ದಾಟಿ ಮೇಲಕ್ಕೆ ಬೆಳೆದರೆ ಕಣ್ಣಿನ ನರಕ್ಕೆ ಒತ್ತಿ ಪಕ್ಕದ ನೋಟ ಹೋಗಬಹುದಂತೆ. "ನಾರ್ಮಲ್" ಅಂತ ನಂಬಿ ಸುಮ್ನೆ ಕೂತಿದ್ದರೆ? ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ದುಡ್ಡು ಕಟ್ಟುವ ಮೊದಲೇ ಕೇಳಿ: ಪಿಟ್ಯುಟರಿಗೇ ಬೇರೆ ಸ್ಕ್ಯಾನ್ ಮಾಡ್ತೀರಾ, ಡೈನಾಮಿಕ್ ಮಾಡ್ತೀರಾ ಅಂತ. ಚೀಟಿಯಲ್ಲಿ ಕಾಂಟ್ರಾಸ್ಟ್ ಅಂತ ಇದ್ದು ಇಂಜೆಕ್ಷನ್ ಕೊಡದಿದ್ದರೆ ಅಲ್ಲೇ ಜಗಳ ಮಾಡಿ, ಮರ್ಯಾದೆ ನೋಡಬೇಡಿ. ಫಿಲ್ಮ್ ಜೊತೆ ಸಿ.ಡಿ.ಯನ್ನೂ ಇಸ್ಕೊಳ್ಳಿ.

ದುಡ್ಡು ವಾಪಸ್ ಕೇಳಿದ್ದಕ್ಕೆ ಮ್ಯಾನೇಜರ್ ಹೇಳಿದ್ದು: "ಮುಂದಿನ ಸಲ ಬನ್ನಿ ಮೇಡಂ, ಡಿಸ್ಕೌಂಟ್ ಕೊಡ್ತೀವಿ." ಬಿಲ್ಲು, ಚೀಟಿ, ಎರಡೂ ಫಿಲ್ಮು ಇಟ್ಟುಕೊಂಡಿದ್ದೇನೆ. ಜಿಲ್ಲಾ ಗ್ರಾಹಕರ ಆಯೋಗಕ್ಕೆ ಕೊಡೋದೇ.