ಹೆಚ್ಚು ಕರೆಗಳಿಗೆ ಆಸ್ಟರಿಸ್ಕ್ ಸರ್ವರ್ ಸಿದ್ಧಪಡಿಸಿಕೊಡುತ್ತೇವೆ ಎನ್ನುವವರಿಗೆ ಹಣ ಕೊಡುವ ಮುನ್ನ ಇದನ್ನು ಓದಿ

ಏಕಕಾಲಕ್ಕೆ ಸಾವಿರ ಕರೆಗಳನ್ನು ತಾಳುವಂತೆ ಆಸ್ಟರಿಸ್ಕ್ (ಕಂಪ್ಯೂಟರನ್ನು ದೂರವಾಣಿ ವಿನಿಮಯ ಕೇಂದ್ರವಾಗಿಸುವ ತಂತ್ರಾಂಶ) ಸರ್ವರನ್ನು ಹದಗೊಳಿಸಿಕೊಡುತ್ತೇನೆಂದು ಒಪ್ಪಿಕೊಂಡು, ಪರದೆಯ ಮೇಲೆ ಸಾವಿರ ಕರೆಗಳನ್ನು ತೋರಿಸಿ, ಮುಕ್ಕಾಲು ಪಾಲು ಹಣ ಪಡೆದುಕೊಂಡು ಹೋದ ಸಲಹೆಗಾರರೊಬ್ಬರ ಕೆಲಸ ನೂರೈವತ್ತು ಕರೆಗಳನ್ನೂ ತಾಳಲಿಲ್ಲ. ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳಲ್ಲಿ ಸಣ್ಣ ಕರೆಕೇಂದ್ರ ನಡೆಸುವ ಹಲವರು ಇದೇ ಕೆಲಸಕ್ಕೆ ಹೊರಗಿನವರನ್ನು ಹುಡುಕುತ್ತಿರುವುದು ನನಗೆ ಗೊತ್ತಿರುವುದರಿಂದ, ಸಿಟ್ಟು ಇನ್ನೂ ಆರದಿದ್ದರೂ, ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತಿದ್ದೇನೆ.

ನಮ್ಮದು ಹುಬ್ಬಳ್ಳಿಯ ಸಂಸ್ಥೆ. ಬೀಜ, ಗೊಬ್ಬರ ಮಾರಾಟಗಾರರ ಪರವಾಗಿ ರೈತರ ಕರೆಗಳನ್ನು ಸ್ವೀಕರಿಸುತ್ತೇವೆ. ವರ್ಷದ ಹೆಚ್ಚಿನ ದಿನಗಳಲ್ಲಿ ಕರೆಗಳು ಸಾಧಾರಣವಾಗಿರುತ್ತವೆ. ರೋಹಿಣಿ ಮಳೆ ಚೆನ್ನಾಗಿ ಬಿದ್ದರೆ ಮಾತ್ರ ಮರುದಿನ ಬೆಳಿಗ್ಗೆಯಿಂದಲೇ ಧಾರವಾಡ, ಗದಗ, ಹಾವೇರಿ ಕಡೆಯ ಕರೆಗಳು ಒಮ್ಮೆಲೇ ನುಗ್ಗುತ್ತವೆ. ಆ ಕೆಲವು ದಿನಗಳಿಗಾಗಿಯೇ ನಾವು ದೂರವಾಣಿ ಕಂಪನಿಯಿಂದ ಕರೆ ತರುವ ಟ್ರಂಕಿನ ಚಾನೆಲ್‌ಗಳನ್ನು ಹೆಚ್ಚಿಸಿಕೊಂಡೆವು, ಆ ಕೆಲವು ದಿನಗಳಿಗಾಗಿಯೇ ಈ ಸಲಹೆಗಾರರನ್ನು ಕರೆಸಿದೆವು. ಕರೆ ಸರದಿಯಲ್ಲಿ ನಿಲ್ಲಬೇಕು, ಪ್ರತಿಯೊಂದು ಕರೆಯೂ ಧ್ವನಿಮುದ್ರಣವಾಗಬೇಕು, ಕರೆಯ ವಿವರ ಡೇಟಾಬೇಸಿಗೆ ಹೋಗಬೇಕು ಎಂಬ ಮೂರನ್ನೂ ಕೆಲಸ ಆರಂಭವಾಗುವ ಮೊದಲೇ ಬರವಣಿಗೆಯಲ್ಲಿ ಕೊಟ್ಟಿದ್ದೆವು. ಇದನ್ನು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ಮುಂದೆ ಅವರು ಕೊಟ್ಟ ಉತ್ತರಗಳೆಲ್ಲವೂ ಈ ಕಾಗದವನ್ನು ತಾವು ನೋಡಿಯೇ ಇಲ್ಲವೆಂಬಂತೆ ಇದ್ದವು.

ಕೆಲಸ ಮುಗಿಯಿತೆಂದ ದಿನ ಅವರು ನಮ್ಮೆಲ್ಲರನ್ನೂ ಕೂರಿಸಿ ಪರೀಕ್ಷೆ ಮಾಡಿ ತೋರಿಸಿದರು. ಸಿಪ್‌ಪಿ ಎಂಬ, ಕರೆಗಳನ್ನು ಕೃತಕವಾಗಿ ಹುಟ್ಟಿಸುವ ತಂತ್ರಾಂಶವನ್ನು ಓಡಿಸಿದರು. ಇನ್ನೂರು, ಐನೂರು, ಎಂಟುನೂರು ಎಂದು ಸಂಖ್ಯೆ ಏರುತ್ತಾ ಹೋಗಿ ಸಾವಿರದಲ್ಲಿ ನಿಂತಿತು. ವಿಫಲವಾದ ಕರೆಗಳ ಸಾಲಿನಲ್ಲಿ ಸೊನ್ನೆ. ನಮ್ಮ ಮಾಲೀಕರು ಅಲ್ಲಿಯೇ ಹಣ ವರ್ಗಾಯಿಸಿದರು. ಆ ಸೊನ್ನೆಯನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಮಳೆ ಬಿತ್ತು. ಕರೆಗಳು ಬಂದವು. ನೂರು ದಾಟಿ ಸ್ವಲ್ಪ ಮುಂದೆ ಹೋಗುತ್ತಿದ್ದಂತೆಯೇ ಹೊಸ ಕರೆಗಳು ಕಡಿದುಹೋಗತೊಡಗಿದವು. ನಡೆಯುತ್ತಿದ್ದ ಕರೆಗಳಲ್ಲಿ ಧ್ವನಿ ತುಂಡು ತುಂಡಾಯಿತು. ಲಾಗ್ ಕಡತದಲ್ಲಿ, ತೆರೆದ ಕಡತಗಳು ಮಿತಿ ಮೀರಿವೆ ಎಂಬ ದೋಷಸೂಚನೆ ಒಂದರ ಹಿಂದೊಂದು ಬೀಳುತ್ತಿತ್ತು. ಬಿತ್ತನೆಗೆ ಹೊಲದ ಬದುವಿನಲ್ಲಿ ನಿಂತು ಫೋನು ಮಾಡುತ್ತಿರುವ ರೈತನಿಗೆ ಲಾಗ್ ಕಡತದ ವಿವರಣೆ ಕೊಡಲಾಗುವುದಿಲ್ಲ. ಗುತ್ತಿಗೆ ಕೊಟ್ಟಿದ್ದ ಮಾರಾಟಗಾರರ ಮುಂದೆ ನಾವು ತಲೆ ತಗ್ಗಿಸಿ ನಿಲ್ಲಬೇಕಾಯಿತು.

ಸಲಹೆಗಾರರ ಮೊದಲ ಉತ್ತರ: “ನಿಮ್ಮ ಟ್ರಂಕ್ ಕಂಪನಿಯನ್ನು ಕೇಳಿ.” ಕೇಳಿದೆವು, ಅವರ ಕಡೆ ಚಾನೆಲ್‌ಗಳು ಖಾಲಿ ಇದ್ದವು. ಎರಡನೆಯದು: “ನಿಮ್ಮ ಅಂತರ್ಜಾಲ ಸಂಪರ್ಕದ ದೋಷವಿರಬೇಕು.” ಧ್ವನಿಯನ್ನು ಅಂಕಿಗಳಾಗಿಸುವ ವಿಧಾನಗಳಲ್ಲೊಂದಾದ ಜಿ.711 ಕೋಡೆಕ್‌ನಲ್ಲಿ ಒಂದು ಕರೆಗೆ ಪ್ರತಿ ದಿಕ್ಕಿನಲ್ಲಿ ಹೆಚ್ಚೆಂದರೆ ಸೆಕೆಂಡಿಗೆ 90 ಕಿಲೋಬಿಟ್ ಸಾಕು, ನಮ್ಮ ಸಂಪರ್ಕದ ಕಾಲುಭಾಗವೂ ಬಳಕೆಯಾಗಿರಲಿಲ್ಲ ಎಂದು ನಕ್ಷೆ ಸಮೇತ ಕಳುಹಿಸಿದೆವು. ಮೂರನೆಯ ಉತ್ತರ: “ಸಿಪಿಯು ಎಂಬತ್ತು ಪ್ರತಿಶತ ಖಾಲಿ ಇದೆ, ಆದ್ದರಿಂದ ಸರ್ವರ್ ಆರೋಗ್ಯವಾಗಿದೆ.” ಕರೆಗಳೇ ಒಳಗೆ ಬರಲಾಗದೆ ಹೊರಗೆ ಸಾಯುತ್ತಿದ್ದಾಗ ಸಿಪಿಯು ಖಾಲಿ ಇರದೆ ಮತ್ತೇನಾಗುತ್ತದೆ? ಇದನ್ನೂ ಬರೆದು ಕಳುಹಿಸಿದೆ. ಅದಕ್ಕೆ ಉತ್ತರವೇ ಬರಲಿಲ್ಲ.

ಬೇರೆ ದಾರಿಯಿಲ್ಲದೆ ಪರಿಚಯದ ಇಂಜಿನಿಯರ್ ಒಬ್ಬರನ್ನು ಕರೆಸಿದೆವು. ಅವರು ಮೊದಲು ನೋಡಿದ್ದು ಓಡುತ್ತಿರುವ ಆಸ್ಟರಿಸ್ಕ್ ಪ್ರಕ್ರಿಯೆಗೆ ನಿಜವಾಗಿ ಅನ್ವಯವಾಗುತ್ತಿದ್ದ ತೆರೆದ ಕಡತಗಳ ಮಿತಿಯನ್ನು. ಅಲ್ಲಿ 1024 ಎಂದಿತ್ತು. ರೈತ, ಸಿಬ್ಬಂದಿ ಎಂದು ಎರಡು ತುದಿಗಳಿರುವ ಒಂದು ಕರೆಗೆ, ಧ್ವನಿ ಹೊರುವ ಆರ್‌ಟಿಪಿ, ಅದರ ಸ್ಥಿತಿ ತಿಳಿಸುವ ಆರ್‌ಟಿಸಿಪಿ ಸೇರಿ ನಾಲ್ಕು ಸಾಕೆಟ್‌ಗಳು (ನೆಟ್‌ವರ್ಕ್ ದ್ವಾರಗಳು) ಬೇಕು, ಪ್ರತಿ ಸಾಕೆಟ್ಟೂ ಒಂದು ತೆರೆದ ಕಡತವೆಂದೇ ಎಣಿಕೆಯಾಗುತ್ತದೆ. ಅದರ ಮೇಲೆ ಧ್ವನಿಮುದ್ರಣದ ಕಡತ, ಚಾನೆಲ್‌ಗಳ ಒಳಗಿನ ಬಳಕೆ ಎಲ್ಲವೂ ಅದೇ ಲೆಕ್ಕಕ್ಕೆ ಸೇರುತ್ತವೆ. ಹೀಗಿರುವಾಗ ಸಾವಿರ ಕರೆಗಳ ಮಾತು ಹಾಗಿರಲಿ, ಇನ್ನೂರು ಕರೆಗಳೂ ಅಸಾಧ್ಯವಾಗಿದ್ದವು. ಸಲಹೆಗಾರರು ಮಿತಿಯನ್ನು ಹೆಚ್ಚಿಸಿದ್ದು ಲಿಮಿಟ್ಸ್ ಕಡತದಲ್ಲಿ. ಅದು ಲಾಗಿನ್ ಆದ ಬಳಕೆದಾರರ ಅಧಿವೇಶನಕ್ಕೆ ಅನ್ವಯಿಸುತ್ತದೆಯೇ ಹೊರತು ಯಂತ್ರ ಶುರುವಾದಾಗ ಸೇವೆಗಳನ್ನು ಚಾಲೂ ಮಾಡುವ ಸಿಸ್ಟಮ್‌ಡಿ ತಾನಾಗಿ ಆರಂಭಿಸುವ ಸೇವೆಗೆ ಅನ್ವಯಿಸುವುದಿಲ್ಲ. ಸೇವೆಯ ಯೂನಿಟ್ ಕಡತದಲ್ಲಿಯೇ ಮಿತಿಯನ್ನು ಬರೆಯಬೇಕು. ಪರೀಕ್ಷೆಯ ದಿನ ಅವರು ಆಸ್ಟರಿಸ್ಕನ್ನು ಕೈಯಿಂದ, ತಮ್ಮ ಟರ್ಮಿನಲ್‌ನಿಂದ ಆರಂಭಿಸಿದ್ದರು, ಆದ್ದರಿಂದ ಆಗ ನಡೆಯಿತು. ಅವರು ಹೋದ ಮೇಲೆ ಯಂತ್ರ ಒಮ್ಮೆ ಮರುಚಾಲನೆಯಾಯಿತು, ಅಲ್ಲಿಗೆ ಆ ಹದಗೊಳಿಸುವಿಕೆಯೆಲ್ಲವೂ ಅಳಿಸಿಹೋಯಿತು.

ಇಷ್ಟನ್ನು ಅಜ್ಞಾನವೆಂದು ಕ್ಷಮಿಸಬಹುದಿತ್ತು. ಆದರೆ ಇಂಜಿನಿಯರ್ ಪರೀಕ್ಷೆಯ ಸ್ಕ್ರಿಪ್ಟನ್ನು ತೆರೆದು ಓದಿ ಹೇಳಿದ ಮಾತಿಗೆ ಕೋಣೆಯಲ್ಲಿದ್ದವರೆಲ್ಲರೂ ಸುಮ್ಮನಾದೆವು. ಆ ಸಾವಿರ ಕರೆಗಳಲ್ಲಿ ಧ್ವನಿಯೇ ಇರಲಿಲ್ಲ. ಕರೆ ಹೋಗುವುದು, ಸರ್ವರ್ ಎತ್ತಿಕೊಳ್ಳುವುದು, ಒಂದು ನಿಮಿಷ ಮೌನವಾಗಿ ಕಾಯುವುದು, ಇಡುವುದು, ಅಷ್ಟೇ. ಒಂದೇ ಒಂದು ಧ್ವನಿ ಪ್ಯಾಕೆಟ್ ಹರಿದಿರಲಿಲ್ಲ. ಸಿಪ್‌ಪಿಯನ್ನು ಓಡಿಸಿದ್ದು ಅದೇ ಯಂತ್ರದ ಒಳಗಿನಿಂದ, ಆದ್ದರಿಂದ ನೆಟ್‌ವರ್ಕ್ ಕಾರ್ಡಿಗೂ ಕೆಲಸವಿರಲಿಲ್ಲ. ಸರದಿ ಇರಲಿಲ್ಲ, ಧ್ವನಿಮುದ್ರಣ ಇರಲಿಲ್ಲ, ಡೇಟಾಬೇಸ್ ಇರಲಿಲ್ಲ, ಎರಡನೆಯ ತುದಿಯೇ ಇರಲಿಲ್ಲ. ಖಾಲಿ ಬಂಡಿಯನ್ನು ಓಡಿಸಿ ಹೊರೆ ಹೊರುತ್ತದೆಂದು ತೋರಿಸಿದ್ದರು. ನಿಜವಾದ ಕರೆಯಲ್ಲಿ ಪ್ರತಿ 20 ಮಿಲಿಸೆಕೆಂಡಿಗೆ ಒಂದರಂತೆ ಸೆಕೆಂಡಿಗೆ 50 ಪ್ಯಾಕೆಟ್‌ಗಳು ಪ್ರತಿ ದಿಕ್ಕಿನಲ್ಲಿ ಹರಿಯುತ್ತವೆ. ಎರಡು ತುದಿಗಳ 300 ಕರೆಗಳಾದರೆ ಸರ್ವರ್ ಸೆಕೆಂಡಿಗೆ 30,000 ಪ್ಯಾಕೆಟ್‌ಗಳನ್ನು ಪಡೆದು ಅಷ್ಟನ್ನೇ ಕಳುಹಿಸಬೇಕು. ಕರೆಯ ಒತ್ತಡವೆಂದರೆ ಇದೇ. ಇದನ್ನೇ ಅವರು ಪರೀಕ್ಷೆಯಿಂದ ಹೊರಗಿಟ್ಟಿದ್ದರು.

ಇನ್ನೂ ಇದೆ. ಕರ್ನಲ್ (ಕಾರ್ಯಾಚರಣೆ ವ್ಯವಸ್ಥೆಯ ತಿರುಳು) ಹೊಂದಾಣಿಕೆ ಎಂದು ಪ್ರತ್ಯೇಕ ಶುಲ್ಕ ವಿಧಿಸಿ ಅವರು ಸೇರಿಸಿದ್ದ ಸಾಲುಗಳು ಬಹುತೇಕ ಟಿಸಿಪಿಗೆ ಸಂಬಂಧಿಸಿದವು, ವೆಬ್ ಸರ್ವರ್‌ಗಳಿಗೆ ಬಳಸುವಂಥವು. ನಮ್ಮಲ್ಲಿ ಕರೆ ಜೋಡಿಸುವ ಸಂಕೇತವೂ ಧ್ವನಿಯೂ ಹರಿಯುವುದು ಬೇರೆಯೇ ಸಾಗಣೆ ವಿಧಾನವಾದ ಯುಡಿಪಿಯಲ್ಲಿ. ಯುಡಿಪಿ ಪ್ಯಾಕೆಟ್‌ಗಳನ್ನು ಹಿಡಿದಿಡುವ ಸ್ವೀಕೃತಿ ಬಫರನ್ನು ಮುಟ್ಟಿಯೇ ಇರಲಿಲ್ಲ. ಆಸ್ಟರಿಸ್ಕ್ 21ರಿಂದ, ಅಂದರೆ 2023ರಿಂದ, ಪೂರ್ತಿಯಾಗಿ ಕೈಬಿಡಲಾದ ಕರೆ ಜೋಡಿಸುವ ಹಳೆಯ ಚಾನ್-ಸಿಪ್ ಚಾಲಕವನ್ನೇ ನಮ್ಮ ಹೊಸ ವ್ಯವಸ್ಥೆಗೆ ಹಾಕಿದ್ದರು. ಟ್ರಂಕಿನಿಂದ ಎ-ಲಾ (ಜಿ.711ರ ಒಂದು ಬಗೆ) ಬರುತ್ತಿದ್ದರೆ ಸಿಬ್ಬಂದಿಯ ಫೋನ್‌ಗಳನ್ನು ಬೇರೆ ಕೋಡೆಕ್ ಆದ ಜಿ.729ಕ್ಕೆ ಕಟ್ಟಿದ್ದರು, ಹಾಗಾಗಿ ಸಿಬ್ಬಂದಿಗೆ ತಲುಪಿದ ಪ್ರತಿ ಕರೆಯಲ್ಲೂ ಅನಾವಶ್ಯಕ ಪರಿವರ್ತನೆ. ದೋಷ ಹುಡುಕುವಾಗ ಹಾಕಿದ್ದ ವಿವರವಾದ ಲಾಗನ್ನು ತೆಗೆಯದೇ ಹೋಗಿದ್ದರು. ಧ್ವನಿಮುದ್ರಣ ಬರೆಯುತ್ತಿದ್ದ ಅದೇ ಡಿಸ್ಕಿಗೆ ಆ ಲಾಗೂ ಬರೆಯಲ್ಪಡುತ್ತಿತ್ತು. ಧ್ವನಿ ತುಂಡಾಗುತ್ತಿದ್ದುದಕ್ಕೆ ಮುಖ್ಯ ಕಾರಣ ಅದೇ.

ಎಲ್ಲವನ್ನೂ ಸಾಕ್ಷಿ ಸಮೇತ ಕಳುಹಿಸಿದಾಗ ಬಂದ ಉತ್ತರವನ್ನು ಇದ್ದ ಹಾಗೆಯೇ ಬರೆಯುತ್ತೇನೆ: “ಒಪ್ಪಂದದಲ್ಲಿ ಸಾವಿರ ಏಕಕಾಲದ ಕರೆಗಳು ಎಂದಿದೆ, ನಾನು ಸಾವಿರ ಕರೆಗಳನ್ನು ತೋರಿಸಿದ್ದೇನೆ. ಧ್ವನಿಯ ಗುಣಮಟ್ಟ ಒಪ್ಪಂದದ ಭಾಗವಲ್ಲ.” ರೈತರ ಕರೆ ಸ್ವೀಕರಿಸುವ ಸಂಸ್ಥೆಯಿಂದ ಹಣ ಪಡೆದು, ಕರೆಯಲ್ಲಿ ಮಾತು ಕೇಳಿಸುವುದು ತನ್ನ ಹೊಣೆಯಲ್ಲ ಎಂದು ಬರೆಯಲು ಒಬ್ಬ ವೃತ್ತಿಪರರಿಗೆ ಹೇಗೆ ಮನಸ್ಸು ಬಂತೋ ನನಗೆ ತಿಳಿಯದು. ಮರುದಿನವೇ ಉಳಿದ ಕಾಲುಭಾಗ ಹಣ ಕೇಳಿ ಜ್ಞಾಪನಪತ್ರವನ್ನೂ ಕಳುಹಿಸಿದರು.

ಇಂಥ ಕೆಲಸ ಕೊಡುವವರು ಪರೀಕ್ಷೆಯನ್ನು ಬೇರೊಂದು ಯಂತ್ರದಿಂದ, ಧ್ವನಿಯ ಸಮೇತ, ನಿಮ್ಮದೇ ಸರದಿ ಮತ್ತು ಧ್ವನಿಮುದ್ರಣದೊಂದಿಗೆ ಮಾಡಿಸಿ. ಅದು ನಡೆಯುತ್ತಿರುವಾಗಲೇ ನೀವೊಂದು ನಿಜವಾದ ಕರೆ ಮಾಡಿ ಕಿವಿಯಾರೆ ಕೇಳಿ. ಯಂತ್ರವನ್ನು ಮರುಚಾಲನೆ ಮಾಡಿಸಿ ಅದೇ ಪರೀಕ್ಷೆಯನ್ನು ಮತ್ತೆ ಕೇಳಿ. ಹಿಂಜರಿದರೆ ಹಣ ಕೊಡಬೇಡಿ. ಸಿಪಿಯು ಖಾಲಿ ಇದೆ ಎಂದು ಹೇಳಿ ಮಾತು ಮುಗಿಸುವವರಿಗಂತೂ ಒಂದು ರೂಪಾಯಿಯನ್ನೂ ಕೊಡಬೇಡಿ.

ಈಗ ನಮ್ಮಲ್ಲಿ ಮುಂದೆ ಕರೆಗಳನ್ನು ಹಂಚುವ ಕಮೈಲಿಯೋ, ಅದರ ಹಿಂದೆ ಚಾನ್-ಸಿಪ್ ಬದಲಿಗೆ ಬಂದ ಪಿಜೆಸಿಪ್ ಬಳಸುವ ಎರಡು ಆಸ್ಟರಿಸ್ಕ್ ಯಂತ್ರಗಳಿವೆ. ಎಲ್ಲ ಕಡೆ ಎ-ಲಾ ಒಂದೇ ಕೋಡೆಕ್. ಧ್ವನಿಮುದ್ರಣ ಮೊದಲು ಮೆಮೊರಿಯಲ್ಲಿ ಬರೆದು ಆಮೇಲೆ ಡಿಸ್ಕಿಗೆ ಸಾಗುತ್ತದೆ. ಕರೆ ವಿವರಗಳು ಒಟ್ಟೊಟ್ಟಾಗಿ ಡೇಟಾಬೇಸಿಗೆ ಹೋಗುತ್ತವೆ. ಈ ಕೆಲಸಕ್ಕೆ ಮತ್ತೊಮ್ಮೆ ಹಣ ಹೊಂದಿಸಬೇಕಾಯಿತು. ಮೊದಲು ಕೊಟ್ಟ ಹಣ ಹಿಂದಿರುಗಿ ಬಂದಿಲ್ಲ, ಉಳಿದ ಕಾಲುಭಾಗವನ್ನು ನಾವು ಕೊಡುವುದೂ ಇಲ್ಲ ಎಂದು ವಕೀಲರ ಮೂಲಕ ತಿಳಿಸಿದ್ದೇವೆ.